ವಿಜ್ಞಾನಿಗೆ ವ್ಯಾಪಾರ ಕಲಿಸುವ ಕೇಂದ್ರ: ಎರಡು ವರ್ಷ ಬಳಸಿದ ಮೇಲೆ ಬರೆದ ವಿಮರ್ಶೆ

ಪ್ರಯೋಗಾಲಯದಲ್ಲಿ ಕಂಡುಕೊಂಡದ್ದನ್ನು ಮಾರುಕಟ್ಟೆಗೆ ತರಲು ವಿಜ್ಞಾನಿಗಳಿಗೆ ನೆರವಾಗುವ ಇನ್‌ಕ್ಯುಬೇಟರ್‌ಗಳು ಬೆಂಗಳೂರಿನಲ್ಲಿ ಈಗ ಹಲವಾರಿವೆ. ಅಂಥ ಒಂದು ಕೇಂದ್ರದಲ್ಲಿ ನಾನೂ ನನ್ನ ಸಹಸಂಶೋಧಕಿಯೂ ಎರಡು ವರ್ಷಕ್ಕೆ ತುಸು ಕಡಿಮೆ ಕಾಲ ಪ್ರಯೋಗಾಲಯದ ಕೆಲಸದ ಬೆಂಚೊಂದನ್ನು ಬಾಡಿಗೆಗೆ ಪಡೆದು ಕೆಲಸ ಮಾಡಿದೆವು. ಅಲ್ಲಿನ ಎಂಟು ವಾರಗಳ ತರಬೇತಿ ಮುಗಿಸಿದೆವು. ಅದರ ಮೂಲಕ ಬಂದ ಅನುದಾನವನ್ನು ಖರ್ಚು ಮಾಡಿ ಲೆಕ್ಕ ಒಪ್ಪಿಸಿದೆವು. ಅಲ್ಲಿಗೆ ಸೇರಬೇಕೋ ಬೇಡವೋ ಎಂದು ಕೇಳುವ ಕಿರಿಯ ಸಂಶೋಧಕರಿಗೆ ಫೋನಿನಲ್ಲಿ ಹೇಳಿದ್ದನ್ನೇ ಹೇಳಿ ಸಾಕಾಗಿರುವುದರಿಂದ, ಒಮ್ಮೆ ಬರೆದೇ ಬಿಡೋಣ ಎಂದು ಕೂತಿದ್ದೇನೆ. ಕೇಂದ್ರದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ನಾನು ಹೇಳಲಿರುವ ಕೊರತೆಗಳು ಯಾರೋ ಒಬ್ಬ ಅಧಿಕಾರಿಯ ಸೋಮಾರಿತನದಿಂದ ಬಂದವಲ್ಲ. ಈ ಬಗೆಯ ಸೇವೆಯನ್ನು ಕಟ್ಟಿರುವ ಕ್ರಮದಲ್ಲೇ ಇರುವಂಥವು. ನಮ್ಮ ಅನುದಾನ ಯಾವ ಯೋಜನೆಯದು ಎಂದು ಹೇಳಿದರೂ ಬಲ್ಲವರಿಗೆ ಗುರುತು ಹತ್ತುತ್ತದೆ, ಆದ್ದರಿಂದ ಅದೂ ಬೇಡ.

ನಾವು ಕೈಯಲ್ಲಿ ಹಿಡಿದುಕೊಂಡು ಹೋದದ್ದು ಹಸುವಿನ ಹಾಲನ್ನು ಪರೀಕ್ಷಿಸುವ ಒಂದು ಕಾಗದದ ಪಟ್ಟಿ. ಹಸುವಿಗೆ ಬರುವ ಕೆಚ್ಚಲು ಬಾವು ಎರಡು ಬಗೆಯದು. ಕೆಚ್ಚಲು ಊದಿ, ಬಿಸಿಯಾಗಿ, ಹಾಲು ಒಡೆದು ಬರುವ ಬಗೆಯನ್ನು ಗುರುತಿಸಲು ಯಾವ ಪರೀಕ್ಷೆಯೂ ಬೇಕಿಲ್ಲ. ಕರೆಯಲು ಕೂತ ಕೈಗೇ ಅದು ತಿಳಿಯುತ್ತದೆ. ಇನ್ನೊಂದು ಒಳಗೇ ಇರುವ ಬಗೆ. ಹಸು ಚೆನ್ನಾಗಿ ಮೇಯುತ್ತದೆ, ಹಾಲು ಬೆಳ್ಳಗೇ ಇರುತ್ತದೆ, ಆದರೆ ಹಾಲಿನಲ್ಲಿ ಬಿಳಿ ರಕ್ತಕಣಗಳ ಎಣಿಕೆ ಏರಿರುತ್ತದೆ ಮತ್ತು ದಿನದ ಹಾಲು ಸದ್ದಿಲ್ಲದೆ ಕಡಿಮೆಯಾಗುತ್ತಿರುತ್ತದೆ. ಒಂದು ಮಿಲಿಲೀಟರಿನಲ್ಲಿ ಎರಡು ಲಕ್ಷಕ್ಕಿಂತ ಹೆಚ್ಚು ಕಣಗಳಿದ್ದರೆ ಸೋಂಕಿದೆ ಎಂದು ಪಶುವೈದ್ಯರು ಸಾಮಾನ್ಯವಾಗಿ ಅನುಮಾನಿಸುತ್ತಾರೆ. ಇದನ್ನು ಹಿಡಿಯಲು ನಾಲ್ಕು ಬಟ್ಟಲುಗಳ ಪ್ಲಾಸ್ಟಿಕ್ ಹಲಗೆಯಲ್ಲಿ ನಾಲ್ಕೂ ಮೊಲೆಗಳ ಹಾಲು ಹಿಂಡಿ, ನೇರಳೆ ಬಣ್ಣದ ದ್ರಾವಣ ಬೆರೆಸಿ ತಿರುಗಿಸಿ, ಅಂಟಂಟಾಗುವುದನ್ನು ನೋಡುವ ಕ್ಯಾಲಿಫೋರ್ನಿಯಾ ಪರೀಕ್ಷೆ ದಶಕಗಳಿಂದ ಬಳಕೆಯಲ್ಲಿದೆ. ನಮ್ಮ ಪಟ್ಟಿ ಅದೇ ಕೆಲಸವನ್ನು ದ್ರಾವಣವಿಲ್ಲದೆ, ಬಿಳಿ ರಕ್ತಕಣಗಳಿಂದ ಹೊರಬೀಳುವ ಒಂದು ಕಿಣ್ವಕ್ಕೆ ಬಣ್ಣ ಬದಲಿಸುವ ಮೂಲಕ ಮಾಡುತ್ತಿತ್ತು. ಪ್ರಬಂಧ ಪ್ರಕಟವಾಗುವ ಮಟ್ಟದ ಕೆಲಸ ಅದಾಗಿತ್ತು, ಮತ್ತು ಕರ್ನಾಟಕದ ಪ್ರತಿಯೊಂದು ಕೊಟ್ಟಿಗೆಯೂ ಅದಕ್ಕಾಗಿ ಕಾದು ಕೂತಿದೆ ಎಂದು ನಾವಿಬ್ಬರೂ ಪ್ರಾಮಾಣಿಕವಾಗಿ ನಂಬಿದ್ದೆವು.

ಈ ಸೇವೆ ನಮ್ಮ ನಾಡಿಗೆ ಎಷ್ಟು ಹೊಸದು ಎಂಬುದನ್ನು ಮೊದಲು ಹೇಳಿಬಿಡಬೇಕು. ಸಾರ್ವಜನಿಕ ಪ್ರಯೋಗಾಲಯದ ಕೆಲಸ ಮಾರುಕಟ್ಟೆಗೆ ಹೋಗುವ ಹಳೆಯ ದಾರಿಯೇ ಬೇರೆ ಇತ್ತು. 1950ರಲ್ಲಿ ಆರಂಭವಾದ, ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಎಮ್ಮೆಯ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನವನ್ನು ರೂಪಿಸಿತು, ಅಮುಲ್ ಅದನ್ನು ಡಬ್ಬಿಯಲ್ಲಿ ತುಂಬಿ ದೇಶಕ್ಕೆ ಮಾರಿತು. ಅಲ್ಲಿ ವಿಜ್ಞಾನಿ ವಿಜ್ಞಾನಿಯಾಗಿಯೇ ಉಳಿದ, ವ್ಯಾಪಾರಿ ವ್ಯಾಪಾರಿಯಾಗಿಯೇ ಉಳಿದ, ನಡುವೆ ಒಂದು ತಂತ್ರಜ್ಞಾನ ವರ್ಗಾವಣೆಯ ಒಪ್ಪಂದ ಓಡಾಡಿತು. ವಿಜ್ಞಾನಿಯೇ ಕಂಪನಿ ಕಟ್ಟುವ ರೂಢಿ ಬಂದದ್ದು ತಡವಾಗಿ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಸೇರಿ ಸ್ಟ್ರಾಂಡ್ ಜೀನೋಮಿಕ್ಸ್ ಕಂಪನಿ ಆರಂಭಿಸಿದ್ದು 2000ದಲ್ಲಿ. ಸರ್ಕಾರಿ ಸಂಶೋಧನಾ ಸಂಸ್ಥೆಗಳು ತಮ್ಮ ಜ್ಞಾನವನ್ನೇ ಬಂಡವಾಳವಾಗಿ ಹೂಡಿ ಕಂಪನಿಯಲ್ಲಿ ಪಾಲು ಪಡೆಯಬಹುದು ಎಂದು ಕೇಂದ್ರ ಸರ್ಕಾರ ಒಪ್ಪಿದ್ದು 2009ರಲ್ಲಿ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಜೀವವಿಜ್ಞಾನದ ನವೋದ್ಯಮಗಳಿಗೆ ನೆರವಾಗುವ ಸಿ-ಕ್ಯಾಂಪ್ ಹುಟ್ಟಿದ್ದೂ ಅದೇ ವರ್ಷ. ಜೈವಿಕ ತಂತ್ರಜ್ಞಾನ ಇಲಾಖೆಯಡಿ ಉದ್ಯಮಗಳಿಗೆ ನೆರವು ನೀಡುವ ಸಂಸ್ಥೆ ಬೈರ್ಯಾಕ್ 2012ರಲ್ಲಿ ಬಂತು, ಅದರ ‘ಬಿಗ್’ ಅನುದಾನ ಈ ಕ್ಷೇತ್ರದವರ ಬಾಯಲ್ಲಿ ಅತಿ ಹೆಚ್ಚು ಕೇಳಿಬರುವ ಹೆಸರು: ಕಲ್ಪನೆಯ ಹಂತದಲ್ಲಿರುವವರಿಗೆ 18 ತಿಂಗಳಿಗೆ 50 ಲಕ್ಷ ರೂಪಾಯಿಯವರೆಗೆ, ಕಂತುಗಳಲ್ಲಿ, ಅರ್ಜಿಗೆ ಕರೆ ವರ್ಷಕ್ಕೆರಡು ಬಾರಿ, ಜನವರಿ 1ಕ್ಕೆ ಮತ್ತು ಜುಲೈ 1ಕ್ಕೆ. ಎಲೆಕ್ಟ್ರಾನಿಕ್ ಸಿಟಿಯ ಬಯೋಇನ್ನೋವೇಶನ್ ಸೆಂಟರ್, ವಿಜ್ಞಾನ ಸಂಸ್ಥೆಯೊಳಗಿನ ಇನ್‌ಕ್ಯುಬೇಟರ್, ನವೋದ್ಯಮಗಳಿಗೆ ಅನುದಾನ ಕೊಡುವ ರಾಜ್ಯ ಸರ್ಕಾರದ ಎಲಿವೇಟ್ ಯೋಜನೆ ಇವೆಲ್ಲ ಇದೇ ಸಾಲಿನವು. ಇಷ್ಟು ಬಾಗಿಲುಗಳಿರುವ ಇನ್ನೊಂದು ಊರು ದೇಶದಲ್ಲಿ ಸಿಗುವುದು ಕಷ್ಟ.

ಬೆಂಚು ಮತ್ತು ಉಪಕರಣಗಳ ವಿಷಯದಲ್ಲಿ ದೂರುವುದಕ್ಕೆ ಏನೂ ಇಲ್ಲ. ಒಂದು ಬೆಂಚಿನ ತಿಂಗಳ ಬಾಡಿಗೆ ಯಲಹಂಕದ ಕಡೆ ಒಂದು ಸಣ್ಣ ಮನೆಗೆ ಕೊಡುವುದಕ್ಕಿಂತ ಕಡಿಮೆ, ಅದರಲ್ಲೇ ಹಬೆಯಿಂದ ಕ್ರಿಮಿಶುದ್ಧಿ ಮಾಡುವ ಆಟೋಕ್ಲೇವ್, ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರಿನಲ್ಲಿ ಒಂದು ಅರೆ, ಇಡೀ ದಿನ ಕರೆಂಟು. ದೊಡ್ಡ ಯಂತ್ರಗಳಿಗೆ ಗಂಟೆಯ ಲೆಕ್ಕದಲ್ಲಿ ಹಣ. ಪಕ್ಕದ ಬೆಂಚಿನಲ್ಲಿ ಕೂತವರಿಂದ ಪಿಪೆಟ್ ತುದಿಗಳ ಡಬ್ಬಿ ಸಾಲ ತರಬಹುದು, ಸಂಜೆ ಕ್ಯಾಂಟೀನಿನಲ್ಲಿ ಯಾವ ಲೆಕ್ಕಪರಿಶೋಧಕರು ಸಣ್ಣ ಕಂಪನಿಗಳನ್ನು ಸತಾಯಿಸುವುದಿಲ್ಲ ಎಂಬ ಅತ್ಯಮೂಲ್ಯ ಮಾಹಿತಿ ಪಡೆಯಬಹುದು. ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಬೆಳೆದವರಿಗೆ ಇದು ತವರುಮನೆಯಂತೆಯೇ ಕಾಣುತ್ತದೆ. ಅದೇ ಅದರ ಅಪಾಯವೂ ಹೌದು, ಆದರೆ ಆ ಮಾತು ಮುಂದೆ ಬರುತ್ತದೆ.

ಪೇಟೆಂಟ್ ವಿಭಾಗಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. ಮೊದಲ ಭೇಟಿಯಲ್ಲಿ ಅಲ್ಲಿನ ಪೇಟೆಂಟ್ ಏಜೆಂಟ್ ನಮ್ಮ ಪಟ್ಟಿಯನ್ನು ನೋಡಲೂ ಇಲ್ಲ, “ಇದರ ಬಗ್ಗೆ ಎಲ್ಲಾದರೂ ಬರೆದಿದ್ದೀರಾ, ಪೋಸ್ಟರ್ ಹಾಕಿದ್ದೀರಾ, ಪ್ರಬಂಧದ ಪ್ರತಿಯನ್ನು ಗ್ರಂಥಾಲಯಕ್ಕೆ ಕೊಟ್ಟಿದ್ದೀರಾ?” ಎಂದು ಮೂರು ಪ್ರಶ್ನೆ ಕೇಳಿದರು. ಸಮ್ಮೇಳನವೊಂದಕ್ಕೆ ಕಳಿಸಿದ್ದ ನಮ್ಮ ಸಾರಾಂಶ ಇನ್ನು ಹನ್ನೆರಡು ದಿನಗಳಲ್ಲಿ ಅಂತರ್ಜಾಲದಲ್ಲಿ ಬರಲಿತ್ತು. ಅರ್ಜಿ ಹಾಕುವ ಮೊದಲೇ ಆವಿಷ್ಕಾರ ಲೋಕಕ್ಕೆ ತಿಳಿದುಬಿಟ್ಟರೆ ಅದು ಹೊಸದೆಂಬ ಹಕ್ಕು ಹೋಗುತ್ತದೆ. ವಿದ್ವತ್ ಸಭೆಯಲ್ಲಿ ಓದಿದ ಪ್ರಬಂಧಕ್ಕೆ ನಮ್ಮ ಕಾನೂನು ಹನ್ನೆರಡು ತಿಂಗಳ ವಿನಾಯಿತಿ ಕೊಡುತ್ತದೆ ನಿಜ, ಆದರೆ ಆ ವಿನಾಯಿತಿ ಎಲ್ಲ ದೇಶಗಳಲ್ಲೂ ನಡೆಯುವುದಿಲ್ಲ, ಅದನ್ನೇ ನಂಬಿ ಕೂರುವುದು ಜಾಣತನವಲ್ಲ. ಒಂಬತ್ತನೆಯ ದಿನಕ್ಕೆ ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಸಲ್ಲಿಕೆಯಾಯಿತು. ಪೂರ್ಣ ವಿವರಣೆಗೆ ಅಲ್ಲಿಂದ ಒಂದು ವರ್ಷ ಸಮಯ. ನವೋದ್ಯಮಕ್ಕೆ ಅರ್ಜಿಯ ಮೂಲ ಶುಲ್ಕ 1,600 ರೂಪಾಯಿ, ದೊಡ್ಡ ಕಂಪನಿಗಳಿಗೆ 8,000. ಏಜೆಂಟರ ಶುಲ್ಕ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಅದನ್ನು ಕೇಂದ್ರವೇ ವಹಿಸಿತು. ಪ್ರಕಟಿಸು ಇಲ್ಲವೇ ಕಣ್ಮರೆಯಾಗು ಎಂಬ ಮಂತ್ರದಲ್ಲಿ ಬೆಳೆದ ನಮಗೆ, ಬಾಯಿ ಮುಚ್ಚಿಕೊಂಡು ಇರುವುದಕ್ಕೂ ಒಂದು ಮುಹೂರ್ತವಿದೆ ಎಂದು ಹೇಳಿಕೊಟ್ಟವರು ಅವರೇ.

ಇನ್ನು ಈ ಸೇವೆಯ ಜೀವಾಳವಾದ ಎಂಟು ವಾರಗಳ ತರಬೇತಿ. ಇದರ ಮೂಲ ಅಮೆರಿಕದ್ದು. ಸ್ಟ್ಯಾನ್‌ಫರ್ಡಿನಲ್ಲಿ ಸ್ಟೀವ್ ಬ್ಲಾಂಕ್ ಕಲಿಸುತ್ತಿದ್ದ ಪಾಠಕ್ರಮವನ್ನು ಆಧರಿಸಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು 2011ರಲ್ಲಿ ‘ಐ-ಕೋರ್’ ಎಂಬ ಕಾರ್ಯಕ್ರಮ ಆರಂಭಿಸಿತು: ಒಬ್ಬ ಯುವ ಸಂಶೋಧಕ, ಒಬ್ಬ ಪ್ರಾಧ್ಯಾಪಕ, ಒಬ್ಬ ಅನುಭವಿ ಮಾರ್ಗದರ್ಶಿ ಸೇರಿದ ತಂಡಕ್ಕೆ 50,000 ಡಾಲರ್ ಕೊಟ್ಟು, ಏಳು ವಾರಗಳಲ್ಲಿ ನೂರು ಮಂದಿ ಸಂಭಾವ್ಯ ಗ್ರಾಹಕರನ್ನು ಮುಖಾಮುಖಿ ಮಾತನಾಡಿಸಿಕೊಂಡು ಬನ್ನಿ ಎಂದು ಅಟ್ಟುವುದು. ಭಾರತಕ್ಕೆ ಇದು ಬಂದ ದಾರಿಯಲ್ಲಿ ಹುಬ್ಬಳ್ಳಿಯ ನಂಟೂ ಇದೆ. ಹುಬ್ಬಳ್ಳಿಯವರಾದ ಉದ್ಯಮಿ ಗುರುರಾಜ ದೇಶಪಾಂಡೆ ಮತ್ತು ಜಯಶ್ರೀ ದೇಶಪಾಂಡೆ ದಂಪತಿ ಕೊಟ್ಟ 2 ಕೋಟಿ ಡಾಲರ್ ದೇಣಿಗೆಯಿಂದ 2002ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯನ್ನು ಮಾರುಕಟ್ಟೆಗೆ ತರುವ ಒಂದು ಕೇಂದ್ರ ಶುರುವಾಯಿತು. ಅವರೂ ಇನ್ಫೋಸಿಸ್ ಸಹಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ಅವರೂ ತಾವು ಓದಿದ ಐಐಟಿ ಮದ್ರಾಸಿನಲ್ಲಿ ಸ್ಥಾಪಿಸಿದ ಕೇಂದ್ರವು ಐ-ಕೋರ್ ಮಾದರಿಯನ್ನೇ ನಮ್ಮ ಕಾಲೇಜುಗಳಿಗೆ ಒಗ್ಗಿಸಿ ‘ಐ-ಎನ್‌ಕ್ಯುಬೇಟ್’ ಹೆಸರಿನಲ್ಲಿ ನಡೆಸುತ್ತಿದೆ. ನಮ್ಮ ಕೇಂದ್ರದ ತರಬೇತಿಯೂ ಇದೇ ಬಳ್ಳಿಯ ಕಾಯಿ.

ಮೊದಲ ಸೋಮವಾರ ಮಾರ್ಗದರ್ಶಿಯವರು ಎರಡು ನಿಯಮ ಹೇಳಿದರು. ಮೊದಲ ಮೂವತ್ತು ಭೇಟಿಗಳಲ್ಲಿ ಪಟ್ಟಿಯನ್ನು ಜೇಬಿನಿಂದ ಹೊರಗೆ ತೆಗೆಯಕೂಡದು. “ಇಂಥದ್ದೊಂದು ಬಂದರೆ ಕೊಳ್ಳುತ್ತೀರಾ?” ಎಂದು ಯಾರನ್ನೂ ಕೇಳಕೂಡದು. ಔಷಧ ಕಂಪನಿಯೊಂದರಲ್ಲಿ ಮೂವತ್ತು ವರ್ಷ ಮಾರಾಟ ವಿಭಾಗ ನೋಡಿಕೊಂಡಿದ್ದ ಆ ಹಿರಿಯರ ತರ್ಕ ಸರಳವಾಗಿತ್ತು: ಮನೆಗೆ ಬಂದವರ ಮುಖ ಮುರಿಯುವುದು ನಮ್ಮ ಜನರ ಸ್ವಭಾವವಲ್ಲ, ಎಲ್ಲರೂ “ತಗೊಳ್ತೀವಿ ಬಿಡಿ ಸಾರ್” ಎನ್ನುತ್ತಾರೆ, ಆ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ. ಬದಲಿಗೆ, ಕಳೆದ ಸಲ ಕೆಚ್ಚಲು ಬಾವು ಬಂದಾಗ ಏನು ಮಾಡಿದಿರಿ, ಯಾರನ್ನು ಕರೆದಿರಿ, ಎಷ್ಟು ಖರ್ಚಾಯಿತು, ಆ ಹಣ ಎಲ್ಲಿಂದ ತಂದಿರಿ ಎಂದು ನಡೆದುಹೋದದ್ದನ್ನು ಕೇಳಬೇಕು. ಪ್ರಶ್ನಾವಳಿ ತಯಾರಿಸಿ, ಸಂಖ್ಯಾಶಾಸ್ತ್ರಕ್ಕೆ ಬೇಕಾದ ಮಾದರಿಯ ಗಾತ್ರ ಲೆಕ್ಕಹಾಕಿಕೊಂಡು ಹೋಗಿದ್ದ ನನ್ನ ಜೊತೆಗಾತಿಯ ಹಾಳೆಯನ್ನು ಅವರು ಮಡಿಸಿ ಅವಳ ಕೈಗೇ ಕೊಟ್ಟರು.

ಚಿಂತಾಮಣಿ ಕಡೆಯ ಒಂದು ಹಳ್ಳಿಯಲ್ಲಿ, ಎರಡು ಎಚ್‌ಎಫ್ ತಳಿಯ ಹಸು ಕಟ್ಟಿದ್ದ ಅಮ್ಮನೊಬ್ಬರು ಸಂಜೆಯ ಹಾಲು ಕರೆದು ಮುಗಿಸುವವರೆಗೆ ನಾವು ಕಾದು ನಿಂತೆವು. ಕಳೆದ ವರ್ಷ ಒಂದು ಹಸುವಿನ ಒಂದು ಮೊಲೆ ಪೂರ್ತಿ ಬತ್ತಿಹೋದದ್ದನ್ನೂ, ಇಂಜೆಕ್ಷನ್ ಕೊಡಿಸಿದ ಮೇಲೆ ಕೆಲವು ದಿನ ಹಾಲನ್ನು ಡೇರಿಗೆ ಹಾಕಬಾರದೆಂದು ಡಾಕ್ಟರು ಹೇಳಿದ್ದನ್ನೂ ವಿವರಿಸಿದರು. ಹಾಲು ಏನು ಮಾಡಿದಿರಮ್ಮ ಎಂದು ಕೇಳಿದ್ದಕ್ಕೆ ಉತ್ತರ ಹೇಳಲಿಲ್ಲ, ನಕ್ಕರು. ಮೂವತ್ತರ ಲೆಕ್ಕ ದಾಟಿದ್ದರಿಂದ ಆ ದಿನ ಪಟ್ಟಿಯನ್ನು ತೋರಿಸಲು ಅಪ್ಪಣೆಯಿತ್ತು. ಕಾಯಿಲೆ ಕಾಣುವ ಮೊದಲೇ ಇದು ಕೆಂಪಾಗಿ ತಿಳಿಸುತ್ತದೆ ಎಂದು ನಾನು ಹೆಮ್ಮೆಯಿಂದ ಹೇಳಿದೆ. ಅವರು ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಕೆಂಪಾದ್ರೆ ಹಾಲು ನಷ್ಟ, ಆಗ್ದಿದ್ರೆ ಈ ಚೀಟಿ ದುಡ್ಡು ನಷ್ಟ. ನನಗೇನು ಲಾಭ ಹೇಳಪ್ಪ?” ಎಂದರು. ನಾಲ್ಕು ವರ್ಷದ ಸಂಶೋಧನೆಯಲ್ಲಿ ಯಾವ ಪರಿಶೀಲಕರೂ ಕೇಳದಿದ್ದ ಪ್ರಶ್ನೆ ಅದು, ಮತ್ತು ನನ್ನ ಬಳಿ ಉತ್ತರವಿರಲಿಲ್ಲ.

ಅದೇ ಹಳ್ಳಿಯಲ್ಲಿ ಪರೀಕ್ಷಿಸಿ ನೋಡಲೆಂದು ಕೊಟ್ಟುಬಂದಿದ್ದ ಡಬ್ಬಿಯೊಂದನ್ನು ಎರಡು ವಾರದ ನಂತರ ನೋಡಲು ಹೋದಾಗ ಅದು ಕೊಟ್ಟಿಗೆಯ ಸೂರಿನ ಸಂದಿಯಲ್ಲಿ, ಕುಡುಗೋಲಿನ ಪಕ್ಕ, ಬಾಯಿ ತೆರೆದುಕೊಂಡು ಸಿಕ್ಕಿತು. ಗಂಜಲದ ಹಬೆಗೋ ಮಳೆಯ ತೇವಕ್ಕೋ ಒಳಗಿದ್ದ ಪಟ್ಟಿಗಳೆಲ್ಲ ತಾವಾಗಿಯೇ ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಇಪ್ಪತ್ತೈದು ಡಿಗ್ರಿಯಲ್ಲಿ, ಸಿಲಿಕಾ ಹರಳಿನ ಜೊತೆ, ಮುಚ್ಚಿದ ಡಬ್ಬಿಯಲ್ಲಿ ಆರು ತಿಂಗಳು ಕೆಡುವುದಿಲ್ಲ ಎಂದು ನಾವು ಸಿದ್ಧಪಡಿಸಿದ್ದ ನಕ್ಷೆ ಸುಳ್ಳಾಗಿರಲಿಲ್ಲ. ಅಂಥ ಕೊಟ್ಟಿಗೆ ಎಲ್ಲೂ ಇರಲಿಲ್ಲ, ಅಷ್ಟೆ. ಬೆಂಚು ತವರುಮನೆಯಂತಿರುವುದರ ಅಪಾಯ ಎಂದು ಹೇಳಿದ್ದು ಇದನ್ನೇ. ಅಲ್ಲಿ ಕೂತಷ್ಟು ಹೊತ್ತು ಪಟ್ಟಿ ದಿನೇ ದಿನೇ ಉತ್ತಮವಾಗುತ್ತಲೇ ಇತ್ತು.

ಎಂಟು ವಾರದಲ್ಲಿ ನಾವು ತೊಂಬತ್ತಕ್ಕೂ ಹೆಚ್ಚು ಮಂದಿಯನ್ನು ಕಂಡೆವು: ಹಾಲು ಹಾಕುವವರು, ಹಾಲಿನ ಸಂಘದ ಕಾರ್ಯದರ್ಶಿಗಳು, ಹಾಲು ಅಳೆಯುವ ಹುಡುಗರು, ಪಶುವೈದ್ಯರು, ಮೇವಿನ ಅಂಗಡಿಯವರು, ಐಸ್‌ಕ್ರೀಮ್ ಘಟಕದ ಗುಣಮಟ್ಟ ಅಧಿಕಾರಿಯೊಬ್ಬರು. ಪ್ರತಿ ಸೋಮವಾರ ಮಾರ್ಗದರ್ಶಿಯವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ಈ ವಾರ ಯಾರ ಮಾತು ಕೇಳಿ ನಿಮ್ಮ ಯಾವ ಅಭಿಪ್ರಾಯ ಬದಲಾಯಿತು?” ಏನೂ ಬದಲಾಗಲಿಲ್ಲವೆಂದರೆ ವಾರ ವ್ಯರ್ಥ. ಆರನೆಯ ವಾರದ ಹೊತ್ತಿಗೆ ಚಿತ್ರ ತಿಳಿಯಾಯಿತು. ಕೆಚ್ಚಲು ಬಾವಿನ ನಷ್ಟವನ್ನು ಅನುಭವಿಸುವವರು ರೈತರು, ಆದರೆ ಹಾಲಿನ ಗುಣಮಟ್ಟಕ್ಕಾಗಿ ಹಣ ಖರ್ಚು ಮಾಡುವ ಶಕ್ತಿಯೂ ಕಾರಣವೂ ಇರುವುದು ಹಾಲನ್ನು ಕೊಳ್ಳುವವರಿಗೆ. ಸಂಘದಲ್ಲಿ ದಿನವೂ ಪ್ರತಿಯೊಬ್ಬರ ಹಾಲಿನ ಮಾದರಿಯನ್ನು ಫ್ಯಾಟು ನೋಡಲು ಹೇಗೂ ತೆಗೆಯುತ್ತಾರೆ. ನಮ್ಮ ಕಡೆ ಒಬ್ಬೊಬ್ಬರಲ್ಲಿ ಇರುವುದು ಎರಡು ಮೂರು ಹಸು ಆದ್ದರಿಂದ ಆ ಮಾದರಿಯಲ್ಲೇ ಸೋಂಕಿನ ಸುಳಿವು ಸಿಗುತ್ತದೆ. ಹದಿನೈದು ದಿನಕ್ಕೊಮ್ಮೆ ಅಲ್ಲೇ ಪರೀಕ್ಷಿಸಿ, ಸುಳಿವು ಸಿಕ್ಕ ಮನೆಗೆ ಮಾತ್ರ ಪಶುವೈದ್ಯರನ್ನು ಕಳಿಸಿದರೆ, ರೈತರಿಗೆ ಪಟ್ಟಿಯ ಖರ್ಚೂ ಇಲ್ಲ, ಇಡುವ ತಾಪತ್ರಯವೂ ಇಲ್ಲ. ಪಟ್ಟಿ ಅದೇ, ಇಡುವ ಜಾಗ ಬೇರೆ, ಕೊಳ್ಳುವವರು ಬೇರೆ, ಬೆಲೆ ಬೇರೆ. ಈ ಒಂದು ತಿಳಿವಳಿಕೆಗಾಗಿಯೇ ನಾನು ಆ ಎಂಟು ವಾರಗಳಿಗೆ ದುಪ್ಪಟ್ಟು ಶುಲ್ಕ ಕೊಡಲು ಸಿದ್ಧ.

ಅಸಮಾಧಾನ ಶುರುವಾಗುವುದು ಇಲ್ಲಿಂದ. ತರಬೇತಿ ವಿಭಾಗ ನಮ್ಮ ಮನಸ್ಸು ಬದಲಾಗಲಿ ಎಂದು ಎಂಟು ವಾರ ದುಡಿಯಿತು. ಅದೇ ಕಟ್ಟಡದ ಮೇಲಿನ ಮಹಡಿಯ ಅನುದಾನ ವಿಭಾಗ, ಬದಲಾದ ಮನಸ್ಸನ್ನು ಏನು ಮಾಡಬೇಕೆಂದು ತಿಳಿಯದೆ ಕೂತಿತು. ಅರ್ಜಿಯಲ್ಲಿ ನಾವು ಬರೆದುಕೊಟ್ಟಿದ್ದ ಮೈಲಿಗಲ್ಲುಗಳು ಹಳೆಯ ನಂಬಿಕೆಯವು: ಇಷ್ಟು ಹಸುಗಳು, ಒಂದೊಂದರ ನಾಲ್ಕೂ ಮೊಲೆಗಳು, ಕೊಟ್ಟಿಗೆಯಲ್ಲಿ ರೈತರೇ ಮಾಡುವ ಪರೀಕ್ಷೆ, ಇಷ್ಟು ಪ್ರತಿಶತ ನಿಖರತೆ. ಅವುಗಳನ್ನು ಮುಟ್ಟಿದರೆ ಮಾತ್ರ ಮುಂದಿನ ಕಂತು. ಮೈಲಿಗಲ್ಲು ಬದಲಿಸಿಕೊಡಿ ಎಂದು ನಾವು ಬರೆದ ಪತ್ರ ತಜ್ಞರ ಸಮಿತಿಗೆ ಹೋಗಬೇಕು, ಸಮಿತಿ ಸೇರುವುದಕ್ಕೆ ದಿನಾಂಕ ಗೊತ್ತಾಗಬೇಕು; ಐದು ತಿಂಗಳು ಹೋಯಿತು. ಆ ಐದು ತಿಂಗಳು ನಾವು ಮಾಡಿದ ಕೆಲಸವನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಯಾರೂ ಕೊಳ್ಳುವುದಿಲ್ಲವೆಂದು ನಮಗೆ ಖಚಿತವಾಗಿದ್ದ ರೂಪದ ಪಟ್ಟಿಯನ್ನು, ಕಂತು ನಿಲ್ಲಬಾರದೆಂಬ ಒಂದೇ ಕಾರಣಕ್ಕೆ, ಹಸುಗಳ ಮೇಲೆ ಅಚ್ಚುಕಟ್ಟಾಗಿ ಪರೀಕ್ಷಿಸಿ ವರದಿ ಬರೆದೆವು. ವರದಿಗೆ ಮೆಚ್ಚುಗೆಯೂ ಬಂತು.

ಇದಕ್ಕೆ ಸಾರ್ವಜನಿಕ ಹಣದ ಶಿಸ್ತು ಎಂಬ ಸಮಜಾಯಿಷಿ ಇದೆ, ಅದು ಪೂರ್ತಿ ಸುಳ್ಳೂ ಅಲ್ಲ. ಅರ್ಜಿಯಲ್ಲಿ ಹಸು ಎಂದು ಬರೆದು ನಡುವೆ ಹೇನಿನ ಔಷಧಿಗೆ ಹಾರಿದವರನ್ನು ಯಾರಾದರೂ ತಡೆಯಲೇಬೇಕು. ಮೂರು ಕಡೆಯ ದರಪಟ್ಟಿ ಇಲ್ಲದೆ ಒಂದು ಲ್ಯಾಮಿನೇಟರ್ ಯಂತ್ರ ಕೊಳ್ಳಲಾಗದ್ದನ್ನೂ, ಖರ್ಚಿನ ಪ್ರಮಾಣಪತ್ರದಲ್ಲಿ ನೂರಿಪ್ಪತ್ತು ರೂಪಾಯಿ ತಾಳೆಯಾಗದೆ ಕಂತು ಮೂರು ವಾರ ನಿಂತದ್ದನ್ನೂ ನಾನು ಈ ಖಾತೆಗೇ ಹಾಕಿ ಕ್ಷಮಿಸಿಬಿಡುತ್ತೇನೆ. ಆದರೆ ಗ್ರಾಹಕರ ಮಾತು ಕೇಳಿ ದಾರಿ ಬದಲಿಸುವುದೇ ಈ ಸೇವೆಯ ಉದ್ದೇಶ ಎಂದ ಮೇಲೆ, ಆ ಬದಲಾವಣೆಗೆ ನಮೂನೆಯಲ್ಲಿ ಒಂದು ಅಂಕಣ ಇರಬೇಡವೇ? ಎಂಟನೆಯ ವಾರದ ಕೊನೆಗೆ ಮೈಲಿಗಲ್ಲುಗಳನ್ನು ಮತ್ತೊಮ್ಮೆ ಬರೆಯಲು ಅವಕಾಶವಿದ್ದಿದ್ದರೆ, ಅಥವಾ ತರಬೇತಿ ಮುಗಿದ ಮೇಲೆಯೇ ಅನುದಾನದ ಅರ್ಜಿ ಬರೆಸಿದ್ದರೆ ಸಾಕಿತ್ತು. ಎರಡೂ ವಿಭಾಗಗಳ ನಡುವೆ ಇದ್ದದ್ದು ಒಂದು ಮೆಟ್ಟಿಲಸಾಲು ಮಾತ್ರ.

ಮಾರಾಟದ ನೆರವಿನ ಬಗ್ಗೆ ಬರೆಯಲು ಹೆಚ್ಚಿಲ್ಲ, ಏಕೆಂದರೆ ಸಿಕ್ಕಿದ್ದೂ ಹೆಚ್ಚಿಲ್ಲ. ಹೂಡಿಕೆದಾರರ ಮುಂದೆ ಹತ್ತು ನಿಮಿಷದಲ್ಲಿ ಮಾತನಾಡುವುದನ್ನು ಮೂರು ಸಲ ಅಭ್ಯಾಸ ಮಾಡಿಸಿದರು. ಖರೀದಿ ವಿಭಾಗದ ಗುಮಾಸ್ತರ ಮುಂದೆ ಮಾತನಾಡುವುದನ್ನು ಒಮ್ಮೆಯೂ ಮಾಡಿಸಲಿಲ್ಲ. ನಮ್ಮಂಥ ವಸ್ತುವಿಗೆ ಬೇಕಾದದ್ದು ಎರಡನೆಯದು. ಟೆಂಡರಿನಲ್ಲಿ ಮೂರು ವರ್ಷದ ವಹಿವಾಟು ತೋರಿಸಿ ಎಂಬ ಷರತ್ತು ಕಂಡು ನಾವು ಮೊದಲ ಅವಕಾಶದಿಂದ ಹಿಂದೆ ಸರಿದೆವು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ನವೋದ್ಯಮಗಳಿಗೆ ಹಿಂದಿನ ಅನುಭವ ಮತ್ತು ವಹಿವಾಟಿನ ಷರತ್ತನ್ನು ಸಡಿಲಿಸಲು ಅವಕಾಶವಿದೆ ಎಂಬುದನ್ನೂ, ಆದರೆ ಅದು ಎಲ್ಲ ಖರೀದಿದಾರರಿಗೂ ತಾನಾಗಿಯೇ ಅನ್ವಯಿಸುವುದಿಲ್ಲ ಎಂಬುದನ್ನೂ ನಮಗೆ ಹೇಳಿದವರು ಪಕ್ಕದ ಬೆಂಚಿನವರು, ಕ್ಯಾಂಟೀನಿನಲ್ಲಿ. ಇಂಥ ಸಂಗತಿ ಕೇಂದ್ರದ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಇರಬೇಕಿತ್ತು. ಗೋಡೆಯ ಮೇಲೆ ಇದ್ದದ್ದು ಸ್ಟೀವ್ ಜಾಬ್ಸ್ ಚಿತ್ರ.

ಯಾರು ಹೋಗಬೇಕು ಎಂದರೆ, ವಸ್ತು ಇನ್ನೂ ಪೂರ್ತಿ ಸಿದ್ಧವಾಗಿಲ್ಲದವರು ಹೋಗಬೇಕು. ಎಲ್ಲ ಮುಗಿದಿದೆ, ಕಾರ್ಖಾನೆಗೆ ಹಣ ಬೇಕು ಅಷ್ಟೆ ಎನ್ನುವವರಿಗೆ ಇಲ್ಲಿನ ಎಂಟು ವಾರ ಹಿಂಸೆಯಾಗುತ್ತದೆ. ಸಂಸ್ಥೆಯಲ್ಲಿ ನೌಕರಿಯಲ್ಲಿರುವ ಪ್ರಾಧ್ಯಾಪಕರು ಒಬ್ಬರೇ ಬರುವುದರಲ್ಲಿ ಅರ್ಥವಿಲ್ಲ. ಸೆಮಿಸ್ಟರಿನ ನಡುವೆ ಹಳ್ಳಿ ತಿರುಗಲು ಅವರಿಗೆ ಆಗುವುದಿಲ್ಲ, ಆಗುತ್ತದೆಂದು ಮೊದಲ ವಾರ ಹೇಳಿದ ಇಬ್ಬರೂ ನಾಲ್ಕನೆಯ ವಾರದ ಹೊತ್ತಿಗೆ ತಮ್ಮ ವಿದ್ಯಾರ್ಥಿಗಳನ್ನು ಕಳಿಸತೊಡಗಿದರು, ಕಲಿಯಬೇಕಾದದ್ದನ್ನು ವಿದ್ಯಾರ್ಥಿಗಳು ಕಲಿತರು. ಪಿಎಚ್‌ಡಿ ಮುಗಿಸಿ, ಮುಂದೇನು ಎಂದು ಹೊರದೇಶದ ಪೋಸ್ಟ್‌ಡಾಕ್ ಅರ್ಜಿಗಳನ್ನು ತುಂಬುತ್ತಿರುವವರಿಗೆ ಇದು ತಕ್ಕ ಜಾಗ, ಮನೆಯಲ್ಲಿ ಎರಡು ವರ್ಷ ಸಂಬಳವಿಲ್ಲದೆ ನಡೆಯುತ್ತದೆ ಎಂಬ ಧೈರ್ಯವಿದ್ದರೆ. ಅನುದಾನದಲ್ಲಿ ಸ್ಥಾಪಕರು ತಮಗೆ ತೆಗೆದುಕೊಳ್ಳಬಹುದಾದ ಮೊತ್ತಕ್ಕೆ ಮಿತಿಯಿರುತ್ತದೆ, ಅದನ್ನು ಸೇರುವ ಮೊದಲೇ ಕೇಳಿಕೊಳ್ಳಿ. ಮದುವೆಯ ಮಾತುಕತೆ ನಡೆಯುತ್ತಿರುವವರು ಮನೆಯವರಿಗೂ ತಿಳಿಸಿ.

ಒಪ್ಪಂದದ ಕಾಗದಗಳನ್ನು ಓದುವಾಗ ಎರಡು ಕಡೆ ನಿಂತು ಓದಬೇಕು. ಕೇಂದ್ರವು ಕಂಪನಿಯಲ್ಲಿ ಪಾಲು ಕೇಳುತ್ತದೆಯೇ, ಕೇಳಿದರೆ ಯಾವುದಕ್ಕೆ ಬದಲಾಗಿ ಎಂಬುದು ಒಂದು. ಬೆಂಚು, ಪೇಟೆಂಟ್ ನೆರವು, ತರಬೇತಿ ಮೂರನ್ನೂ ಪಡೆಯುವವರಿಗೆ ಸಣ್ಣ ಪಾಲು ಕೊಡುವುದು ನ್ಯಾಯವೆಂದೇ ನನ್ನ ಅನಿಸಿಕೆ, ಬರೀ ವಿಳಾಸಕ್ಕಾಗಿ ಕೊಡುವುದು ಅಲ್ಲ. ಎರಡನೆಯದು, ಆವಿಷ್ಕಾರ ಹುಟ್ಟಿದ ಮೂಲ ಸಂಸ್ಥೆಯ ಜೊತೆಗಿನ ಪರವಾನಗಿ. ಸಂಸ್ಥೆಯ ಸಂಬಳ ಅಥವಾ ಫೆಲೋಶಿಪ್ ಪಡೆಯುತ್ತಾ ಮಾಡಿದ ಕೆಲಸದ ಮೇಲೆ ಸಾಮಾನ್ಯವಾಗಿ ಸಂಸ್ಥೆಗೆ ಹಕ್ಕಿರುತ್ತದೆ. ಅಮೆರಿಕದಲ್ಲಿ 1980ರ ಬೇ-ಡೋಲ್ ಕಾಯಿದೆ ಸರ್ಕಾರಿ ಹಣದಿಂದ ನಡೆದ ಸಂಶೋಧನೆಯ ಮಟ್ಟಿಗೆ ಇದನ್ನು ಇತ್ಯರ್ಥಪಡಿಸಿತು. ನಮ್ಮಲ್ಲಿ 2008ರಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾದ ಅಂಥದ್ದೇ ಮಸೂದೆ ಕಾಯಿದೆಯಾಗಲಿಲ್ಲ, ಆದ್ದರಿಂದ ಒಂದೊಂದು ಸಂಸ್ಥೆಯದೂ ಒಂದೊಂದು ನಿಯಮ. ನಮ್ಮ ಗೈಡ್ ದೊಡ್ಡ ಮನಸ್ಸಿನವರಾದ್ದರಿಂದ ಪಾಲಿನ ಮಾತು ಒಂದೇ ಸಂಜೆಯಲ್ಲಿ ಮುಗಿಯಿತು. ಕಾಗದಕ್ಕೆ ಸಹಿ ಬೀಳಲು ಏಳು ತಿಂಗಳು ಹಿಡಿಯಿತು.

ಅಂಕ ಕೊಡಲೇಬೇಕೆಂದರೆ ತರಬೇತಿಗೆ ಐದಕ್ಕೆ ಐದು, ಪೇಟೆಂಟ್ ನೆರವಿಗೂ ಅಷ್ಟೇ, ಬೆಂಚಿಗೆ ನಾಲ್ಕು, ಅನುದಾನದ ನಿರ್ವಹಣೆಗೆ ಎರಡು, ಮಾರಾಟದ ನೆರವಿಗೆ ಒಂದು. ಸದ್ಯ ಎರಡು ಕಡೆ ಹಾಲಿನ ಸಂಘಗಳಲ್ಲಿ ನಮ್ಮ ಪಟ್ಟಿ ಪ್ರಾಯೋಗಿಕವಾಗಿ ಬಳಕೆಯಲ್ಲಿದೆ, ಹಣ ಬರುವುದು ಇನ್ನೂ ಶುರುವಾಗಿಲ್ಲ. ಫ್ರೀಜರಿನಲ್ಲಿ ಉಳಿದಿದ್ದ ಮಾದರಿಗಳನ್ನು ತರಲು ಕಳೆದ ತಿಂಗಳು ಕೇಂದ್ರಕ್ಕೆ ಹೋಗಿದ್ದೆ. ನಮ್ಮ ಹಳೆಯ ಬೆಂಚನ್ನು ಈಗ ರೇಷ್ಮೆಹುಳುವಿನ ರೋಗ ಪತ್ತೆಯ ಮೇಲೆ ಕೆಲಸ ಮಾಡುವ ಹೊಸ ತಂಡಕ್ಕೆ ಕೊಟ್ಟಿದ್ದಾರೆ. ಮೂರು ಕುರ್ಚಿಗಳೂ ಖಾಲಿಯಿದ್ದವು. ಎಲ್ಲಿ ಹೋದರು ಎಂದು ಪಕ್ಕದವರನ್ನು ಕೇಳಿದೆ. ಮೂವರೂ ಬೆಳಿಗ್ಗೆ ಐದಕ್ಕೇ ರಾಮನಗರದ ಗೂಡಿನ ಮಾರುಕಟ್ಟೆಗೆ ಹೊರಟುಹೋದರಂತೆ, ಪೆಟ್ಟಿಗೆಯಲ್ಲಿ ಏನನ್ನೂ ತೆಗೆದುಕೊಳ್ಳದೆ.